ಆಲಿವರ್ ಇನ್ನಷ್ಟು ಗಂಜಿ ಕೇಳಿದ್ದು ಏಕೆ?

ಹೋದ ಶನಿವಾರ ಮೇಷ್ಟ್ರು ಲ್ಯಾಪ್‌ಟಾಪಿನಲ್ಲಿ ‘ಆಲಿವರ್ ಟ್ವಿಸ್ಟ್’ ಸಿನೆಮಾ ತೋರಿಸಿದರಲ್ಲ, ಹಿಂದೆ ಕೂತವರಿಗೆ ಸರಿಯಾಗಿ ಕಾಣಲಿಲ್ಲ. ಮಾತೂ ಇಂಗ್ಲಿಷು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದು 1948ರ ಕಪ್ಪು ಬಿಳುಪು ಚಿತ್ರ. ನಿರ್ದೇಶಕರು ಇಂಗ್ಲೆಂಡಿನ ಡೇವಿಡ್ ಲೀನ್. ಮೂಲ ಕಾದಂಬರಿ ಚಾರ್ಲ್ಸ್ ಡಿಕನ್ಸ್ ಅವರದು. ಅದು 1837ರಿಂದ 1839ರವರೆಗೆ ಪತ್ರಿಕೆಯಲ್ಲಿ ಕಂತು ಕಂತಾಗಿ ಬಂದಿತ್ತು.

ಮೊದಲು ಬಿರುಗಾಳಿ, ಮಳೆ. ಬಸುರಿ ಹೆಂಗಸು ಒಬ್ಬಳೇ ನಡೆದು ಬರುತ್ತಾಳೆ. ಮಾತೇ ಇಲ್ಲ. ವರ್ಕ್‌ಹೌಸಿನಲ್ಲಿ ಹೆತ್ತು ಸತ್ತುಹೋಗುತ್ತಾಳೆ. ಆ ಕೂಸೇ ಆಲಿವರ್.

ವರ್ಕ್‌ಹೌಸ್ ಅಂದರೆ ಬಡವರನ್ನು ಇಟ್ಟುಕೊಂಡು ದುಡಿಸುತ್ತಿದ್ದ ಮನೆ. 1834ರ ಕಾನೂನು ಬಂದ ಮೇಲೆ ಅಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಇಡುತ್ತಿದ್ದರು. ಬೇಕಂತಲೇ ಕಷ್ಟ ಕೊಡುತ್ತಿದ್ದರು. ಚೆನ್ನಾಗಿ ನೋಡಿಕೊಂಡರೆ ಎಲ್ಲರೂ ಬಂದು ಕೂತುಬಿಡುತ್ತಾರೆ ಅಂತ!

ಆಲಿವರ್‌ಗೆ ಧೈರ್ಯ ಜಾಸ್ತಿ, ಅದಕ್ಕೇ ಗಂಜಿ ಕೇಳಿದ ಅಂತ ಕೆಲವರು ಅಂದರು. ಅಲ್ಲ. ಹುಡುಗರು ಕಿಟಕಿಯಿಂದ ದೊಡ್ಡವರ ಊಟ ನೋಡುತ್ತಾರೆ. ಆಮೇಲೆ ಕಡ್ಡಿ ಎತ್ತುತ್ತಾರೆ. ಕೇಳುವ ಸರದಿ ಆಲಿವರ್‌ಗೆ ಬೀಳುತ್ತದೆ. ಎಲ್ಲರ ಹಸಿವಿಗೂ ಅವನೊಬ್ಬ ಕೇಳಿದ. ಶಿಕ್ಷೆ ಮಾತ್ರ ಅವನೊಬ್ಬನಿಗೇ. ಶವಪೆಟ್ಟಿಗೆ ಮಾಡುವವನ ಹತ್ತಿರ ದುಡಿಯಲು ಕಳಿಸಿಬಿಟ್ಟರು. ಮುಂದೆ ಲಂಡನ್, ಜೇಬುಗಳ್ಳರ ಗುಂಪು, ಅದೆಲ್ಲ ನಿಮಗೂ ತಿಳಿಯಿತು. (ನಾಯಿ ಬಾಗಿಲು ಕೆರೆಯುವಾಗ ನಾನು ಕಣ್ಣು ಮುಚ್ಚಿಕೊಂಡೆ.)

ಡಿಕನ್ಸ್ ಇದನ್ನು ಸುಮ್ಮನೆ ಬರೆದದ್ದಲ್ಲ. 1824ರಲ್ಲಿ ಅವರ ಅಪ್ಪ ಸಾಲ ತೀರಿಸಲಾಗದೆ ಜೈಲಿಗೆ ಹೋದರು. ಆಗ 12 ವರ್ಷದ ಡಿಕನ್ಸ್ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗೆ ಚೀಟಿ ಅಂಟಿಸುತ್ತಿದ್ದರು. ನನಗಿಂತ ಒಂದು ವರ್ಷ ಚಿಕ್ಕವರು.

ನಮ್ಮ ಬಳ್ಳಾರಿ ಜಿಲ್ಲೆಯ ಶಾಲೆಗಳಿಗೆ ಬಿಸಿಯೂಟ ಬಂದದ್ದು 2002ರಲ್ಲಿ. ಈಗ ನೀವೆಲ್ಲ ತಟ್ಟೆ ಹಿಡಿದು ‘ಅಕ್ಕ, ಇನ್ನೊಂಚೂರು ಸಾಂಬಾರು’ ಅಂತ ದಿನಾ ಕೇಳುತ್ತೀರಿ. ಯಾರೂ ಬೈಯುವುದಿಲ್ಲ. ನಾನು ಮಾತ್ರ ಕೇಳುತ್ತಿರಲಿಲ್ಲ. ನಾಲ್ಕನೇ ತರಗತಿಯಲ್ಲಿ ಒಬ್ಬ ‘ಯಾಕ, ನಿಮ್ಮಜ್ಜಿ ಮನ್ಯಾಗ ಉಣ್ಣಾಕ ಇಲ್ಲೇನು?’ ಅಂದಿದ್ದ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಈ ಸೋಮವಾರ ಕೇಳಿದೆ. ಅಕ್ಕ ಎರಡು ಸೌಟು ಹಾಕಿದರು.

ಅಜ್ಜಿ ಕಂಪ್ಲಿ ಕಡೆ ಗದ್ದೆಯಲ್ಲಿ ನಾಟಿ ಮಾಡಿ ರಾತ್ರಿ ಮನೆಗೆ ಬಂದಾಗ ಈ ಕಥೆ ಹೇಳಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು: ‘ಕೊನೀಗೆ ಹೊಟ್ಟಿತುಂಬ ಉಂಡನೇನು?’

ಉಂಡ ಅಜ್ಜಿ, ಬ್ರೌನ್‌ಲೋ ಎಂಬ ಒಳ್ಳೆಯ ಮುದುಕರ ಮನೆಯಲ್ಲಿ ಅಂದೆ.