ಆಟ ಮೊದಲು, ಸೋಪು ಆಮೇಲೆ
ನಾವಿರೋದು ಅಮೆರಿಕದ ಫೀನಿಕ್ಸ್‌ನಲ್ಲಿ. 2023ರ ಬೇಸಿಗೆಯಲ್ಲಿ ಇಲ್ಲಿ ಸತತ 31 ದಿನ ಬಿಸಿಲು 43 ಡಿಗ್ರಿ ದಾಟಿತ್ತು. ಪಾರ್ಕಿನ ಜಾರುಬಂಡೆ ಮುಟ್ಟಿದರೆ ಕೈ ಸುಡುತ್ತೆ. ಹಾಗಾಗಿ ಶನಿವಾರ ಬಂತೆಂದರೆ ನಾಲ್ಕು ವರ್ಷದ ಮಗಳನ್ನು ಫಾಸ್ಟ್‌ಫುಡ್ ಹೋಟೆಲೊಂದರ ಒಳಗಿನ ಆಟದ ಜಾಗಕ್ಕೆ ಕರ್ಕೊಂಡು ಹೋಗ್ತೀನಿ. ಒಂದು ಕಾಫಿ ದುಡ್ಡಿಗೆ ಎರಡು ಗಂಟೆ ಏಸಿ! ಅವಳು ಪ್ಲಾಸ್ಟಿಕ್ ಕೊಳವೆಯೊಳಗೆ, ನಾನು ಲ್ಯಾಪ್‌ಟಾಪ್ ಮುಂದೆ.

ಒಂದು ದಿನ ಮೇಲಿನ ಕೊಳವೆಯಲ್ಲಿ ಹೆದರಿ ಅಳೋಕೆ ಶುರುಮಾಡಿದಳು. ನಾನೇ ಒಳಗೆ ತೆವಳಿದೆ. ಹಳೇ ಫ್ರೈಸ್, ಯಾರದೋ ಬ್ಯಾಂಡೇಜ್, ಕೈಗಂಟುವ ಗೋಡೆ. ಹೊರಗಿಂದ ಎಲ್ಲ ಫಳಫಳ. ದೊಡ್ಡವರು ಹೋಗದ ಕಡೆ ಒರೆಸೋ ಬಟ್ಟೆಯೂ ಹೋಗಿರಲಿಲ್ಲ.

ಇದೇ ಅರಿಜೋನಾದ ಎರಿನ್ ಕಾರ್-ಜಾರ್ಡನ್ ಎಂಬ ತಾಯಿಯೂ ಹೀಗೇ ಮಗುವಿನ ಹಿಂದೆ ಕೊಳವೆಗೆ ಇಳಿದಿದ್ದರು. 2011ರಲ್ಲಿ ಅವರು ಹಲವು ರಾಜ್ಯಗಳ ಇಂಥ ಜಾಗಗಳಿಂದ ಮಾದರಿ ತೆಗೆದು ಲ್ಯಾಬಿಗೆ ಕಳಿಸಿದರು. ರೋಗ ತರುವ ಬ್ಯಾಕ್ಟೀರಿಯಾ ಸಿಕ್ಕವು.

ನಾವು ಹೋಗೋದು ಬಿಟ್ಟಿಲ್ಲ. ಆದರೆ ಈಗ ಆಟ ಮೊದಲು, ಸೋಪು ಹಾಕಿ ಕೈತೊಳೆಯೋದು ಆಮೇಲೆ, ಫ್ರೈಸ್ ಕೊನೆಗೆ. ವಾಂತಿಭೇದಿ ತರುವ ನೋರೋವೈರಸ್‌ಗೆ ಸ್ಯಾನಿಟೈಸರ್ ಸಾಲದು. ಕೊಳವೆ ಗಲೀಜಿದ್ದರೆ ಮ್ಯಾನೇಜರ್‌ಗೆ ಹೇಳ್ತೀನಿ. ಲ್ಯಾಪ್‌ಟಾಪ್ ಮನೆಯಲ್ಲೇ ಇರುತ್ತೆ.

“ಅಪ್ಪಾ, ಇವತ್ತೂ ಒಳಗೆ ಬರ್ತೀಯಾ?” ಅಂತಾಳೆ ಮಗಳು. ಮೊಣಕಾಲು ನೋಯುತ್ತೆ, ಆದರೂ ಹೋಗ್ತೀನಿ.