ಕಾರ್ಡಿನ ಸಾಲವೂ ಅಡಿಕೆ ತೋಟದ ಹುಟ್ಟುವಳಿಯೂ

ಉಜಿರೆಯ ಸುತ್ತಣ ಗ್ರಾಮಗಳಲ್ಲಿ ಹಿಡುವಳಿದಾರನ ಕೈಗೆ ಹಣ ಬರುವ ಕ್ರಮವು ಒಂದಾದರೆ, ಕ್ರೆಡಿಟ್ ಕಾರ್ಡಿನ ಸಾಲವು ಹಣವನ್ನು ಕೇಳುವ ಕ್ರಮವು ಮತ್ತೊಂದಾಗಿದೆ. ಅಡಿಕೆಯು ಮಳೆಗಾಲ ಕಳೆದ ಮೇಲೆ ಹಣ್ಣಾಗತೊಡಗಿ, ಮೂರು ನಾಲ್ಕು ಕೊಯ್ಲುಗಳಲ್ಲಿ ಕೆಳಗಿಳಿದು, ಅಂಗಳದಲ್ಲಿ ಸುಮಾರು ನಲವತ್ತು ದಿವಸ ಬಿಸಿಲು ಕಂಡು, ಸುಲಿದು ಚಾಲಿಯಾದ ಮೇಲಷ್ಟೇ ಮಾರಾಟಕ್ಕೆ ಬರತಕ್ಕದ್ದು. ಮಾರುವವನಿಗೂ ಬೆಲೆ ನೋಡಿ ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಅಭ್ಯಾಸವುಂಟು. ಕಾರ್ಡಾದರೋ ಪ್ರತಿ ತಿಂಗಳೂ ಗೊತ್ತಾದ ತಾರೀಖಿನಲ್ಲಿ, ಆಷಾಢದ ಜಡಿಮಳೆಯಲ್ಲಿಯೂ ಚೈತ್ರದ ಬಿಸಿಲಿನಲ್ಲಿಯೂ ಒಂದೇ ಸಮನಾಗಿ ಹಣವನ್ನು ಕೇಳುತ್ತದೆ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಸೀಮೆಗಳ ತೋಟದ ಮನೆಗಳು ಈ ಸಾಲದಲ್ಲಿ ಸಿಲುಕುವುದಕ್ಕೆ ದುಂದುಗಾರಿಕೆ ಎಷ್ಟು ಕಾರಣವೋ, ಈ ಎರಡು ಕ್ರಮಗಳ ಹೊಂದಾಣಿಕೆಯಿಲ್ಲದಿರುವುದೂ ಅಷ್ಟೇ ಕಾರಣ. ಆದುದರಿಂದ ಪರಿಹಾರವನ್ನೂ ಅಲ್ಲಿಯೇ ಹುಡುಕತಕ್ಕದ್ದು.

ಹಿಂದಿನ ಕಾಲದಲ್ಲಿ ಸಾಹುಕಾರನು ಕೊಯ್ಲಿನ ಮೇಲೆ ಮುಂಗಡ ಕೊಡುತ್ತಿದ್ದನು. ಅವನು ಬಡ್ಡಿಯನ್ನು ತೆಗೆದುಕೊಳ್ಳುತ್ತಿದ್ದುದಲ್ಲದೆ ಅಡಿಕೆಯ ಬೆಲೆಯನ್ನೂ ತಾನೇ ಕಟ್ಟುತ್ತಿದ್ದನು. ಸಾಲಕ್ಕೆ ಸಿಕ್ಕಿದ ಅಡಿಕೆಗೆ ಬೆಲೆ ಕೇಳುವ ಬಾಯಿ ಇರಲಿಲ್ಲ. ಆದರೂ ಕೊಯ್ಲಾಗುವ ತನಕ ಅವನು ಕಾಯುತ್ತಿದ್ದನೆಂಬುದನ್ನು ಒಪ್ಪಬೇಕು. ಅವನ ಹಿಡಿತವನ್ನು ಸಡಿಲಿಸುವುದಕ್ಕೆಂದೇ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಬಂದಿತು. ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ದುಡಿದು ಈ ಜಿಲ್ಲೆಯಲ್ಲಿ ಸಹಕಾರಕ್ಕೆ ಬುನಾದಿ ಹಾಕಿದರು. ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಕೆಲಸ ತೊಡಗಿತು. 1973ರಲ್ಲಿ ಕ್ಯಾಂಪ್ಕೋ ಸ್ಥಾಪನೆಯಾಗಿ ಅಡಿಕೆಯ ಬೆಲೆಗೂ ಒಂದು ಆಸರೆ ದೊರೆಯಿತು. ಇಷ್ಟೆಲ್ಲ ಆದ ಮೇಲೆ, ಅದೇ ಮನೆಗಳು ಸಾಹುಕಾರನ ದರಕ್ಕೆ ಕಡಮೆಯಲ್ಲದ ದರದಲ್ಲಿ, ಕೈಯಗಲದ ಕಾರ್ಡಿನ ಮೂಲಕ ಸಾಲಗಾರರಾಗುತ್ತಿರುವುದು ವಿಷಾದದ ಸಂಗತಿ.

ಇಲ್ಲಿ ಒಂದು ಭೇದವನ್ನು ಮೊದಲೇ ತಿಳಿಯುವುದು ಅವಶ್ಯ. 1998ರಲ್ಲಿ ಬಂದ ಕಿಸಾನ್ ಕ್ರೆಡಿಟ್ ಕಾರ್ಡು ಬೆಳೆಸಾಲದ ಸಾಧನ. ಗಡುವಿನೊಳಗೆ ಹಿಂದಿರುಗಿಸಿದವರಿಗೆ ಅದರ ಬಡ್ಡಿಯಲ್ಲಿ ಸರಕಾರದ ರಿಯಾಯತಿಯುಂಟು. ನಮ್ಮ ರಾಜ್ಯದ ಸಹಕಾರಿ ಸಂಘಗಳಲ್ಲಿ ಗೊತ್ತಾದ ಮಿತಿಯೊಳಗಿನ ಅಲ್ಪಾವಧಿ ಬೆಳೆಸಾಲವು ಬಡ್ಡಿಯಿಲ್ಲದೆಯೇ ದೊರೆಯುತ್ತದೆ. ಪೇಟೆಯ ಅಂಗಡಿಯಲ್ಲಿ ಉಜ್ಜಿ ಸಾಮಾನು ತರುವ ಕ್ರೆಡಿಟ್ ಕಾರ್ಡು ಬೇರೆಯೇ ಜಾತಿಯದು. ಹೆಸರು ಒಂದೇ ಬಗೆಯದಾದುದರಿಂದ ಎರಡನ್ನೂ ಒಂದೇ ಎಂದು ಭಾವಿಸಿ ಮೋಸಹೋದವರುಂಟು.

ಕಾರ್ಡಿನ ಬಡ್ಡಿಯ ನಿಜವಾದ ತೂಕ

ಕಾರ್ಡಿನ ಲೆಕ್ಕವನ್ನು ಗಡುವಿನ ದಿನ ಪೂರ್ತಿಯಾಗಿ ಸಲ್ಲಿಸುವವನಿಗೆ ಬಡ್ಡಿಯಿಲ್ಲ. ಸ್ವಲ್ಪವನ್ನಾದರೂ ಉಳಿಸಿಕೊಂಡರೆ ಆ ಸವಲತ್ತು ಹೋಗಿ, ಹೊಸದಾಗಿ ಕೊಂಡ ಸಾಮಾನಿನ ಮೇಲೆಯೂ ಬಡ್ಡಿ ನಡೆಯುತ್ತದೆ. ಕಾರ್ಡಿನಿಂದ ನಗದು ತೆಗೆದರೆ ಆ ದಿನದಿಂದಲೇ ಬಡ್ಡಿ. ಅನೇಕ ಕಾರ್ಡುಗಳಲ್ಲಿ ದರವು ತಿಂಗಳಿಗೆ ನೂರಕ್ಕೆ 3ರಿಂದ 3¾ ರೂಪಾಯಿಗಳಷ್ಟು ಇರುತ್ತದೆ. ವರ್ಷಕ್ಕೆ ನೂರಕ್ಕೆ 30ನ್ನು ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ವಿಧಿಸಿದ್ದ ಮಿತಿಯನ್ನು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ರದ್ದುಪಡಿಸಿತು. ಸಾಧಾರಣ ಸಾಲದ ಬಡ್ಡಿಗೆ ಜಿ.ಎಸ್.ಟಿ. ಇಲ್ಲ; ಕಾರ್ಡಿನ ಬಡ್ಡಿಗೆ ನೂರಕ್ಕೆ 18ರಂತೆ ಅದೂ ಸೇರುತ್ತದೆ.

ಒಂದು ಎಕರೆ ಅಡಿಕೆಯುಳ್ಳ ಮನೆಯೊಂದರ ಮೇಲೆ 1,00,000 ರೂ. ಕಾರ್ಡಿನ ಸಾಲವಿದೆಯೆಂದೂ ದರವು ತಿಂಗಳಿಗೆ ನೂರಕ್ಕೆ 3½ ಎಂದೂ ಇಟ್ಟುಕೊಳ್ಳಬಹುದು. ಬಡ್ಡಿ 3,500 ರೂ., ತೆರಿಗೆ 630 ರೂ., ಕೂಡಿ 4,130 ರೂ. ಮನೆಯವರು 5,000 ರೂ. ಕಟ್ಟಿದರೆ ಅಸಲಿನಲ್ಲಿ ಇಳಿಯುವುದು 870 ರೂ. ಮಾತ್ರ. ಪ್ರತಿ ತಿಂಗಳೂ ತಪ್ಪದೆ 5,000 ರೂ. ಕಟ್ಟುತ್ತ ಹೋದರೆ ಸಾಲ ತೀರುವುದಕ್ಕೆ 44 ತಿಂಗಳು ಬೇಕು. ಕೊಟ್ಟ ಹಣವು ಒಟ್ಟು 2,16,000 ರೂಪಾಯಿಗಳ ಸುಮಾರಿಗೆ ಆಗುವುದು. ಇನ್ನು, ಉಳಿದ ಬಾಕಿಯ ನೂರಕ್ಕೆ 5ರಷ್ಟನ್ನು ಮಾತ್ರ ಕನಿಷ್ಠ ಪಾವತಿಯೆಂದು ಕಟ್ಟುತ್ತ ಬಂದರೆ, ಬಾಕಿ ಇಳಿದಂತೆ ಕಂತೂ ಇಳಿಯುವುದರಿಂದ, ಸಾಲವು ಅರ್ಧಕ್ಕೆ ಬರುವುದಕ್ಕೇ ಆರೂವರೆ ವರ್ಷ ಹಿಡಿಯುತ್ತದೆ. ಹೊಸದಾಗಿ ನೆಟ್ಟ ಅಡಿಕೆ ಸಸಿಯು ಫಲಕ್ಕೆ ಬಂದರೂ ಆ ಸಾಲ ತೀರಿರುವುದಿಲ್ಲ. ಅದೇ ಮನೆಯವರು ತಿಂಗಳಿಗೆ 10,000 ರೂ. ಕಟ್ಟಿದರೆ 14ನೆಯ ತಿಂಗಳಿನಲ್ಲಿ ಸಾಲ ಮುಗಿಯುತ್ತದೆ. ಕೊಟ್ಟದ್ದು 1,31,600 ರೂಪಾಯಿಗಳ ಸುಮಾರು. ಎಂದರೆ, ತಿಂಗಳಿಗೆ ಇನ್ನೊಂದು 5,000 ರೂಪಾಯಿಯನ್ನು ಹೇಗಾದರೂ ಹೊಂದಿಸಿದ ಮನೆಗೆ 84,000 ರೂ. ಉಳಿಯುತ್ತದೆ. ಆ 5,000 ಎಲ್ಲಿಂದ ಬರಬೇಕೆಂಬುದೇ ಮುಂದಿನ ವಿಚಾರ.

ಕೈಯಲ್ಲಿರುವ ಅಡಿಕೆ

ಸಾಲವನ್ನು ಹೊತ್ತುಕೊಂಡು ಅಟ್ಟದಲ್ಲಿ ಅಡಿಕೆಯನ್ನು ಇಟ್ಟುಕೊಳ್ಳುವ ಮನೆಗಳು ಬಹಳ. ಚಾಲಿಯು ಹಳತಾದರೆ ಹೆಚ್ಚು ಬೆಲೆಯೆಂಬುದು ಸುಳ್ಳಲ್ಲ. ಆದರೆ ಕಾರ್ಡಿನ ಬಾಕಿಯುಳ್ಳವನಿಗೆ ಈ ಲೆಕ್ಕ ಬೇರೆ. ಕಿಲೋವಿಗೆ 400 ರೂ. ಬೆಲೆಯಿರುವಾಗ ಮಾರಿ ಸಾಲಕ್ಕೆ ಕಟ್ಟದೆ ಆರು ತಿಂಗಳು ಕಾದರೆ, ಅದೇ 400 ರೂ. ಸಾಲವು ಮೇಲಿನ ದರದಲ್ಲಿ 510 ರೂ. ಆಗಿರುತ್ತದೆ. ಆದುದರಿಂದ ಆರು ತಿಂಗಳಲ್ಲಿ ಬೆಲೆಯು 510ನ್ನು ಮುಟ್ಟಿದರೆ ಕಾದದ್ದಕ್ಕೆ ಸಮವಾಯಿತು, ಮುಟ್ಟದಿದ್ದರೆ ನಷ್ಟ. ಅಷ್ಟರಲ್ಲಿ ಒಣಗಿ ತೂಕ ಇಳಿದದ್ದೂ ಹುಳು ಕೊರೆದದ್ದೂ ಬೇರೆ. ಅಂತಹ ಏರಿಕೆಯು ಕೆಲವು ವರ್ಷಗಳಲ್ಲಿ ಆಗಿದ್ದರೂ, ಅದನ್ನು ನಂಬಿ ಸಾಲವನ್ನು ಬೆಳೆಸುವುದು ಒಕ್ಕಲುತನವಲ್ಲ, ಜೂಜು. ಕಾರ್ಡಿನ ಬಾಕಿಗೆ ಬೇಕಾದಷ್ಟು ಅಡಿಕೆಯನ್ನು ಸುಲಿದೊಡನೆ ಮಾರಿ, ಉಳಿದುದನ್ನು ಇಷ್ಟಬಂದಷ್ಟು ಕಾಲ ಇಡಬಹುದು.

ಕೊಯ್ಲು ದೂರವಿದ್ದಲ್ಲಿ ಮನೆಯ ಚಿನ್ನವು ಉಪಯೋಗಕ್ಕೆ ಬರುವುದು. ಸಹಕಾರಿ ಸಂಘದಲ್ಲಿಯೋ ಬ್ಯಾಂಕಿನಲ್ಲಿಯೋ ವರ್ಷಕ್ಕೆ ನೂರಕ್ಕೆ 12ರಂತೆ ಅಡವಿನ ಸಾಲ ದೊರೆಯಿತೆಂದು ಹಿಡಿದು, ಅದರಿಂದ ಕಾರ್ಡಿನ 1,00,000 ರೂಪಾಯಿಯನ್ನು ಒಮ್ಮೆಲೇ ತೀರಿಸಿ, ತಿಂಗಳಿಗೆ 10,000ದಂತೆ ಅಡವಿಗೆ ಕಟ್ಟಿದರೆ, 11ನೆಯ ತಿಂಗಳಿನಲ್ಲಿ ಒಟ್ಟು 1,05,900 ರೂಪಾಯಿಯಷ್ಟರಲ್ಲಿ ಎಲ್ಲವೂ ಮುಗಿಯುವುದು. ಇದಕ್ಕೆ ಒಂದೇ ಕರಾರು: ಅಂದೇ ಕಾರ್ಡಿನ ಬಳಕೆಯು ನಿಲ್ಲಬೇಕು. ಬರಿದಾದ ಕಾರ್ಡನ್ನು ಮತ್ತೆ ಉಜ್ಜಿದ ಮನೆಗೆ ಕಾರ್ಡಿನ ಸಾಲವೂ ಇರುತ್ತದೆ, ಚಿನ್ನವೂ ಅಡವಿನಲ್ಲಿರುತ್ತದೆ. ಬೆಳೆಸಾಲದ ಹಣವನ್ನು ಮಾತ್ರ ಇದಕ್ಕೆ ತಿರುಗಿಸಕೂಡದು. ಅದರ ಗಡುವು ತಪ್ಪಿದರೆ ಬಡ್ಡಿಯ ರಿಯಾಯತಿ ಹೋಗುವುದಲ್ಲದೆ, ಮುಂದಿನ ಮುಂಗಾರಿಗೆ ಗೊಬ್ಬರಕ್ಕೂ ಔಷಧಕ್ಕೂ ಹಣವಿಲ್ಲದಂತಾಗುವುದು.

ಮಿತವ್ಯಯವೂ ಅದರ ಎಲ್ಲೆಯೂ

ಮನೆಯ ಜಮಾಖರ್ಚನ್ನು ಒಂದು ತಿಂಗಳು ಪುಸ್ತಕದಲ್ಲಿ ಬರೆದು ನೋಡಿದವರಿಗೆ, ಖರ್ಚು ಎಲ್ಲಿ ಸೋರುವುದೆಂದು ಬೇರೆಯವರು ಹೇಳಬೇಕಾಗುವುದಿಲ್ಲ. ಫೋನಿನ ಕಂತು, ಯಾರೂ ನೋಡದ ದೂರದರ್ಶನ ಚಂದಾ, ನಡೆದು ಹೋಗುವ ದೂರಕ್ಕೆ ಬಾಡಿಗೆಯ ರಿಕ್ಷಾ, ಹಿತ್ತಿಲಲ್ಲಿ ಬೆಳೆಯಬಹುದಾದ ಬಸಳೆ, ಅಲಸಂಡೆ, ಹರಿವೆಗಳನ್ನು ಪೇಟೆಯಿಂದ ತರುವುದು, ಇಂತಹವುಗಳಲ್ಲಿ ತಿಂಗಳಿಗೆ 2,000 ರೂ. ಉಳಿಸುವುದು ಸಾಧಾರಣ ಮನೆಗೆ ಅಸಾಧ್ಯವಲ್ಲ. ದೊಡ್ಡ ಖರ್ಚು ಇರುವುದು ಮದುವೆ, ಗೃಹಪ್ರವೇಶ, ನೇಮಗಳಲ್ಲಿ. ಒಂದು ದಿವಸದ ಊಟಕ್ಕೂ ಶಾಮಿಯಾನಕ್ಕೂ ಆದ ಸಾಲವು ಮಗು ಶಾಲೆಗೆ ಹೋಗುವ ತನಕ ಉಳಿದಿರುವ ಮನೆಗಳನ್ನು ಎಲ್ಲರೂ ಬಲ್ಲರು. ಉಜಿರೆಗೆ ಸಮೀಪದ ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದುಬಂದಿವೆ. ಕಡಮೆ ಖರ್ಚಿನ ಮದುವೆಯಿಂದ ಗೌರವಕ್ಕೆ ಕುಂದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ತೋಟದ ಖರ್ಚಿನಲ್ಲಿ ಮಿತವ್ಯಯವೆಂಬ ಹೆಸರಿನಿಂದ ಕೈ ಹಿಡಿಯುವುದು ಅಪಾಯಕರ. ಮುಂಗಾರಿಗೆ ಮೊದಲು ಬೋರ್ಡೋ ದ್ರಾವಣವನ್ನು ಹೊಡೆಯದೆ ಉಳಿಸಿದ ಹಣವು ಕೊಳೆರೋಗದಲ್ಲಿ ಹಲವು ಪಾಲಾಗಿ ಹೋಗುವುದು. ಈ ರೋಗದ ಕಾರಣವನ್ನು ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ನರು ಶೋಧಿಸಿ ಉಪಾಯ ತೋರಿಸಿ ನೂರು ವರ್ಷಗಳ ಮೇಲಾಯಿತು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬ ಪ್ರಮಾಣವನ್ನು ಸಾಲದ ಭಯದಿಂದ ಕಡಮೆ ಮಾಡತಕ್ಕದ್ದಲ್ಲ. ಮಕ್ಕಳ ಶಾಲೆಯ ಶುಲ್ಕವೂ ರೋಗಿಯ ಔಷಧವೂ ಇದೇ ಸಾಲಿಗೆ ಸೇರಿದವು.

ತಿಂಗಳ ಸಾಲಕ್ಕೆ ತಿಂಗಳ ಆದಾಯ

ಕಾರ್ಡು ತಿಂಗಳಿಗೊಮ್ಮೆ ಕೇಳುವುದರಿಂದ, ಹೆಚ್ಚುವರಿ ಆದಾಯವೂ ತಿಂಗಳ ಒಳಗೆ ಬರುವಂತಹದಾದರೆ ಉತ್ತಮ. ಈ ದೃಷ್ಟಿಯಿಂದ ಹಾಲಿಗೆ ಸಮಾನವಾದುದಿಲ್ಲ. ಹಟ್ಟಿಯಲ್ಲಿರುವ ಹಸುವು ದಿನಕ್ಕೆ 8 ಲೀಟರ್ ಕೊಟ್ಟು, ಮನೆಗೆ 1 ಲೀಟರ್ ಇಟ್ಟು, 7 ಲೀಟರನ್ನು ಸಂಘಕ್ಕೆ ಹಾಕಿದರೆ, ಲೀಟರಿಗೆ 36 ರೂ. ಎಂದಿಟ್ಟು ತಿಂಗಳಿಗೆ 7,560 ರೂ. ಆಗುವುದು. ಹಿಂಡಿ, ಹುಲ್ಲು, ಔಷಧಗಳಿಗೆ 4,500 ಕಳೆದರೂ 3,000 ರೂ. ಉಳಿಯಿತು. ಇದರೊಡನೆ ಮಿತವ್ಯಯದ 2,000 ಸೇರಿದರೆ ಮೇಲೆ ಹೇಳಿದ 5,000 ಒದಗಿತು. ಗೊಬ್ಬರವು ತೋಟಕ್ಕೆ ಪುಕ್ಕಟೆ. ಆದರೆ ಸಾಲದಲ್ಲಿರುವವನು ಮತ್ತೊಂದು ಸಾಲದಿಂದ ಹಸುವನ್ನು ಕೊಳ್ಳುವುದು ಬೇಡ. ಇರುವ ಹಸುವಿಗೆ ಹಸಿಹುಲ್ಲು ಹೆಚ್ಚಿಸುವುದೇ ಮೊದಲ ಕೆಲಸ.

ಅಡಿಕೆಯ ಹಾಳೆಯನ್ನು ಬುಡದಲ್ಲಿ ಕೊಳೆಯಬಿಡುವವರು ಇನ್ನೂ ಉಂಟು. ಬೇಸಗೆಯಲ್ಲಿ ಬಿದ್ದೊಡನೆ ಹೆಕ್ಕಿ, ಮಣ್ಣು ತಾಗದಂತೆ ಒಣಗಿಸಿಟ್ಟ ಹಾಳೆಯನ್ನು ತಟ್ಟೆ ಮಾಡುವವರು ಕೊಂಡುಕೊಳ್ಳುತ್ತಾರೆ. ಮಳೆಗೆ ನೆನೆದು ಬೂಸಲು ಹಿಡಿದುದಕ್ಕೆ ಬೆಲೆಯಿಲ್ಲ. ಹಲಸಿನ ಹಪ್ಪಳವು ಎರಡು ತಿಂಗಳ ಕೆಲಸ, ಆದರೆ ನಿಶ್ಚಿತವಾದುದು. ರಬ್ಬರು ಹೆಚ್ಚಾಗಿರುವ ಕಡೆ ಎಳೆಯ ಎಲೆ ಬರುವ ಕಾಲದಲ್ಲಿ ಜೇನುನೊಣಗಳಿಗೆ ಅದರ ಎಲೆತೊಟ್ಟಿನಿಂದಲೇ ಮಕರಂದ ದೊರೆಯುವುದರಿಂದ, ನಾಲ್ಕಾರು ಪೆಟ್ಟಿಗೆಗಳನ್ನಿಟ್ಟವರಿಗೆ ವರ್ಷಕ್ಕೊಮ್ಮೆ ಒಳ್ಳೆಯ ಮೊತ್ತ ಬರುವುದು. ಕರಿಮೆಣಸಿನ ಬಳ್ಳಿಯನ್ನು ಅವಶ್ಯವಾಗಿ ನೆಡಬೇಕು; ಆದರೆ ಅದು ಮೂರನೆಯ ವರ್ಷಕ್ಕೆ ಫಲ ಕೊಡುವುದರಿಂದ ಈಗಿನ ಸಾಲಕ್ಕೆ ಔಷಧವಲ್ಲ.

ಎಲ್ಲಕ್ಕಿಂತ ಹೆಚ್ಚಿನ ಕೂಲಿಯು ಇಂದು ಅಡಿಕೆ ಕೊಯ್ಯುವವನಿಗೂ ಔಷಧ ಹೊಡೆಯುವವನಿಗೂ ಇದೆ. ಕರೆದರೂ ಜನ ಸಿಕ್ಕುವುದಿಲ್ಲ. ಮನೆಯ ಯುವಕನು ದೋಟಿ ಹಿಡಿದು ಈ ಕೆಲಸವನ್ನು ಕಲಿತರೆ ಸ್ವಂತ ತೋಟದ ಕೂಲಿ ಮನೆಯಲ್ಲಿಯೇ ಉಳಿಯುವುದು, ನೆರೆಯ ತೋಟದ ಕೂಲಿ ಮನೆಗೆ ಬರುವುದು. ಬೇರೆ ಕಸುಬನ್ನು ಬಯಸುವವರಿಗೆ ಉಜಿರೆಯಲ್ಲಿಯೇ 1982ರಲ್ಲಿ ಸ್ಥಾಪಿತವಾದ ರುಡ್‌ಸೆಟ್ ಸಂಸ್ಥೆಯುಂಟು. ಅಲ್ಲಿ ಸ್ವಉದ್ಯೋಗದ ತರಬೇತಿಯನ್ನು ಊಟ ವಸತಿಗಳೊಡನೆ ಉಚಿತವಾಗಿ ಕೊಡುತ್ತಾರೆ. ದೇಶದ ಇತರ ಜಿಲ್ಲೆಗಳ ಅಂತಹ ಸಂಸ್ಥೆಗಳಿಗೆ ಇದೇ ಮಾದರಿಯಾಯಿತು.

ಗ್ರಾಮದ ಹಿರಿಯರು ಮಾಡಬೇಕಾದುದು

ಸಾಲವನ್ನು ಬಚ್ಚಿಡುವುದೇ ಅದು ಬೆಳೆಯುವುದಕ್ಕೆ ಕಾರಣ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನ ಕಾರ್ಡಿನ ಬಾಕಿಯು ತಂದೆಗೆ ತಿಳಿಯುವುದು ವಸೂಲಿಯವರು ಫೋನು ಮಾಡಿದಾಗ. ಹಿರಿಯರು ಇಂತಹ ಮನೆಗೆ ಒಬ್ಬರೇ ಹೋಗಿ, ನಾಲ್ಕು ಜನರ ಮುಂದೆ ಮಾತೆತ್ತದೆ, ಎಲ್ಲ ಸಾಲಗಳನ್ನೂ ಅವುಗಳ ದರಗಳೊಡನೆ ಒಂದು ಕಾಗದದಲ್ಲಿ ಬರೆಯಿಸಬೇಕು. ಎಲ್ಲಕ್ಕೂ ಕನಿಷ್ಠ ಕಂತನ್ನು ಕಟ್ಟಿ, ಮಿಕ್ಕ ಹಣವನ್ನೆಲ್ಲ ಅತಿ ಹೆಚ್ಚು ದರದ ಸಾಲಕ್ಕೇ ಹಾಕುವಂತೆ ಹೇಳಬೇಕು. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ತಾವು ಜಾಮೀನು ನಿಲ್ಲುವುದು ಉಪಕಾರವಲ್ಲ.

ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲೂ ಸಂಜೆ 7ರ ಮೇಲೂ ಫೋನು ಮಾಡಕೂಡದೆಂದು ರಿಸರ್ವ್ ಬ್ಯಾಂಕಿನ ಆಜ್ಞೆಯಿದೆ. ಬೆದರಿಸುವುದಕ್ಕೂ ನೆಂಟರಿಷ್ಟರ ಮುಂದೆ ಅವಮಾನ ಮಾಡುವುದಕ್ಕೂ ಅವರಿಗೆ ಅಧಿಕಾರವಿಲ್ಲ. ಅಂತಹದು ನಡೆದರೆ ಬ್ಯಾಂಕಿಗೆ ಬರೆದು, 30 ದಿವಸಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಖರ್ಚಿಲ್ಲದೆ ದೂರು ಕೊಡಬಹುದು. ಕಡಮೆ ಹಣಕ್ಕೆ ರಾಜಿ ಮಾಡಿಕೊಳ್ಳುವ ಮಾತು ಬಂದಲ್ಲಿ, ಅದು ಸಾಲದ ಚರಿತ್ರೆಯಲ್ಲಿ ರಾಜಿಯೆಂದೇ ದಾಖಲಾಗಿ ಮುಂದೆ ಮನೆಸಾಲಕ್ಕೂ ವಿದ್ಯಾಸಾಲಕ್ಕೂ ಅಡ್ಡಿಯಾಗಬಹುದೆಂಬುದನ್ನು ಮೊದಲೇ ತಿಳಿಸತಕ್ಕದ್ದು.

ಬಾಕಿಯು ಪೂರ್ತಿ ತೀರಿದ ಮೇಲೆ ಕಾರ್ಡನ್ನು ರದ್ದುಮಾಡಲು ಲಿಖಿತವಾಗಿ ಕೇಳಿಕೊಳ್ಳಬೇಕು. 2022ರ ನಿಯಮದಂತೆ ಬ್ಯಾಂಕು 7 ಕೆಲಸದ ದಿನಗಳೊಳಗೆ ಅದನ್ನು ಮುಚ್ಚತಕ್ಕದ್ದು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೆ ತೆರಬೇಕು. ಬಾಕಿಯಿಲ್ಲವೆಂಬ ಪತ್ರವನ್ನು ಕೇಳಿ ಪಡೆದು, ಪಹಣಿ, ತೀರ್ವೆ ರಶೀದಿಗಳಿರುವ ಕಟ್ಟಿನಲ್ಲಿಯೇ ಇಡುವುದು ಒಳ್ಳೆಯದು.