ಬಿಯರ್ ಪ್ರಯೋಗಾಲಯದಿಂದ ತಾರಸಿ ತೋಟಕ್ಕೆ ಬಂದ ರಸಸಾರ

ದ್ರವವೊಂದು ಆಮ್ಲವೋ ಕ್ಷಾರವೋ ಎಂಬುದನ್ನು ಬಣ್ಣದಿಂದ ಗುರುತಿಸುವ ಜ್ಞಾನ ಹಳೆಯದು. ರಾಬರ್ಟ್ ಬಾಯ್ಲ್ 1664ರಲ್ಲಿ ಪ್ರಕಟಿಸಿದ ಬಣ್ಣಗಳ ಕುರಿತ ಗ್ರಂಥದಲ್ಲಿ, ನೇರಳೆ ಬಣ್ಣದ ವಯೊಲೆಟ್ ಹೂವಿನ ಪಾಕವು ಆಮ್ಲ ಸೇರಿದಾಗ ಕೆಂಪಾಗುವುದನ್ನೂ ಕ್ಷಾರ ಸೇರಿದಾಗ ಹಸಿರಾಗುವುದನ್ನೂ ವಿವರಿಸಿದನು. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿಗೆ ಕೆಂಪು ಓಕುಳಿ ಮಾಡುವ ಕನ್ನಡದ ಮನೆಗಳಲ್ಲಿಯೂ ನಡೆಯುವುದು ಇಂತಹುದೇ ಕ್ರಿಯೆ. ಸುಣ್ಣದ ಕ್ಷಾರವು ಅರಿಶಿನದ ವರ್ಣದ್ರವ್ಯವನ್ನು ಕೆಂಪಾಗಿಸುತ್ತದೆ. ಕಲ್ಲುಹೂವಿನ ಜಾತಿಯ ಜೀವಿಗಳಿಂದ ತೆಗೆದ ಲಿಟ್ಮಸ್ ಬಣ್ಣವು ಈ ಜ್ಞಾನವನ್ನು ಕಾಗದದ ಪಟ್ಟಿಗೆ ಇಳಿಸಿತು. ಆದರೆ ದ್ರವವು ಯಾವ ಕಡೆಗಿದೆ ಎಂಬುದನ್ನು ಹೇಳಬಲ್ಲ ಈ ಬಣ್ಣಗಳಿಗೆ ಅದು ಎಷ್ಟರಮಟ್ಟಿಗೆ ಎಂಬುದನ್ನು ಹೇಳುವ ಶಕ್ತಿ ಇರಲಿಲ್ಲ.

ಆ ಅಳತೆ ದೊರೆತದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಗೆ ಸೇರಿದ ಪ್ರಯೋಗಾಲಯದಲ್ಲಿ. 1901ರಿಂದ ಅಲ್ಲಿನ ರಸಾಯನ ವಿಭಾಗದ ಮುಖ್ಯಸ್ಥನಾಗಿದ್ದ ಸೋರೆನ್ ಸೋರೆನ್‌ಸೆನ್, ಜೀವಕೋಶಗಳ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳಾದ ಕಿಣ್ವಗಳನ್ನು ಅಧ್ಯಯನ ಮಾಡುತ್ತಿದ್ದಾಗ, ಆಗ ಬಳಕೆಯಲ್ಲಿದ್ದ ಅಳತೆಯು ತನ್ನ ಕೆಲಸಕ್ಕೆ ಸಾಲದೆಂಬುದನ್ನು ಕಂಡುಕೊಂಡನು. ಪ್ರಬಲತೆ ತಿಳಿದಿರುವ ಕ್ಷಾರವನ್ನು ಹನಿಹನಿಯಾಗಿ ಬೆರೆಸಿ, ಆಮ್ಲವೆಲ್ಲ ತಟಸ್ಥವಾಗಲು ಎಷ್ಟು ಬೇಕಾಯಿತೆಂದು ಲೆಕ್ಕ ಹಾಕುವ ಅನುಮಾಪನ ವಿಧಾನವು ದ್ರವದಲ್ಲಿರುವ ಒಟ್ಟು ಆಮ್ಲವನ್ನು ತಿಳಿಸುತ್ತಿತ್ತು. ಕಿಣ್ವದ ವೇಗವಾದರೋ ಆ ಒಟ್ಟು ಮೊತ್ತವನ್ನಲ್ಲ, ಆ ಕ್ಷಣದಲ್ಲಿ ದ್ರವದೊಳಗೆ ಬಿಡಿಯಾಗಿರುವ ಜಲಜನಕದ ಅಯಾನುಗಳನ್ನು, ಎಂದರೆ ವಿದ್ಯುದಾವೇಶ ಹೊತ್ತ ಕಣಗಳನ್ನು, ಅನುಸರಿಸುತ್ತಿತ್ತು. ಈ ಎರಡನ್ನು ಬೇರ್ಪಡಿಸಿದ ಸೋರೆನ್‌ಸೆನ್ 1909ರಲ್ಲಿ ಬಿಡಿ ಅಯಾನುಗಳ ಸಾಂದ್ರತೆಗೆ ಹೊಸ ಮಾನವೊಂದನ್ನು ಸೂಚಿಸಿದನು, ಅದೇ ಪಿಎಚ್. ಕೃಷಿ ವಿಜ್ಞಾನದ ಕನ್ನಡದಲ್ಲಿ ಅದು ರಸಸಾರ.

ಈ ಮಾನದ ಲೆಕ್ಕ ಕೋಟಿಯ ಸೊನ್ನೆಗಳನ್ನು ಬಲ್ಲವರಿಗೆ ಕಠಿಣವಲ್ಲ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ಶುದ್ಧ ನೀರಿನೊಳಗೆ ಬಿಡಿ ಜಲಜನಕ ಅಯಾನುಗಳು ಒಂದು ಮೋಲ್‌ನ (ಕಣಗಳ ಎಣಿಕೆಗೆ ರಸಾಯನಶಾಸ್ತ್ರ ಬಳಸುವ ಏಕಮಾನದ) ಕೋಟಿಯಲ್ಲೊಂದು ಪಾಲಿನಷ್ಟು ಇರುತ್ತವೆ. ಕೋಟಿಗೆ ಏಳು ಸೊನ್ನೆ. ಆದ್ದರಿಂದ ಶುದ್ಧ ನೀರಿನ ಪಿಎಚ್ 7. ಅಂಕಿ ಒಂದು ಕಡಮೆಯಾದರೆ ಅಯಾನುಗಳು ಹತ್ತುಪಟ್ಟು ಹೆಚ್ಚುತ್ತವೆಯಾದ ಕಾರಣ, 8ರಿಂದ 6ಕ್ಕೆ ಇಳಿಯುವುದೆಂದರೆ ನೂರುಪಟ್ಟು ವ್ಯತ್ಯಾಸ.

ಮಾನ ಸಿಕ್ಕರೂ ಮಾಪಕ ಸುಲಭವಾಗಿರಲಿಲ್ಲ. ತೆಳುಗಾಜಿನ ಪೊರೆಯ ಎರಡು ಬದಿಗಳಲ್ಲಿ ಬೇರೆ ಬೇರೆ ಆಮ್ಲೀಯತೆಯ ದ್ರವಗಳಿದ್ದರೆ ಅವುಗಳ ನಡುವೆ ವಿದ್ಯುತ್ ವಿಭವ ಉಂಟಾಗುವುದನ್ನು ಮ್ಯಾಕ್ಸ್ ಕ್ರೆಮರ್ 1906ರಲ್ಲಿಯೇ ತೋರಿಸಿದ್ದನು. ಆದರೆ ಆ ವಿದ್ಯುತ್ತನ್ನು ಅಳೆಯಲು ಬೇಕಾದ ಉಪಕರಣಗಳು ನಾಜೂಕಾಗಿದ್ದವು, ಗಾಜು ಒಡೆಯುತ್ತಿತ್ತು. 1934ರಲ್ಲಿ ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರ ಸಂಘದ ರಸಾಯನಶಾಸ್ತ್ರಜ್ಞನೊಬ್ಬನು, ನಿಂಬೆರಸದ ಆಮ್ಲೀಯತೆಯನ್ನು ಅಳೆಯುವ ತೊಡಕನ್ನು ತನ್ನ ಹಳೆಯ ಸಹಪಾಠಿ ಆರ್ನಾಲ್ಡ್ ಬೆಕ್‌ಮನ್‌ನ ಮುಂದಿಟ್ಟನು. ರಸ ಕೆಡದಂತೆ ಬೆರೆಸುತ್ತಿದ್ದ ಗಂಧಕದ ಡೈಆಕ್ಸೈಡು ಲಿಟ್ಮಸ್ಸಿನ ಬಣ್ಣವನ್ನೇ ಅಳಿಸಿಬಿಡುತ್ತಿತ್ತು. ಬೆಕ್‌ಮನ್ ನಿರ್ವಾತ ಕೊಳವೆಗಳ ವರ್ಧಕವನ್ನು ಗಾಜಿನ ವಿದ್ಯುದ್ವಾರಕ್ಕೆ ಜೋಡಿಸಿ ಎಲ್ಲವನ್ನೂ ಒಂದೇ ಪೆಟ್ಟಿಗೆಯೊಳಗೆ ಅಡಕಗೊಳಿಸಿದನು. ಇಂದು ಅಂಗೈಯಲ್ಲಿ ಹಿಡಿಯುವ ಪೆನ್ ಮಾಪಕದ ತುದಿಯಲ್ಲಿರುವ ಗಾಜಿನ ಬುಗ್ಗೆ ಇದೇ ತತ್ತ್ವದಿಂದ ಕೆಲಸ ಮಾಡುತ್ತದೆ. ಆದಕಾರಣವೇ ಅದನ್ನು ಪಿಎಚ್ 7 ಮತ್ತು 4ರ ಬಫರ್ ದ್ರಾವಣಗಳಲ್ಲಿ, ಎಂದರೆ ಪಿಎಚ್ ಸುಲಭವಾಗಿ ಕದಲದಂತೆ ಸಿದ್ಧಪಡಿಸಿದ ದ್ರಾವಣಗಳಲ್ಲಿ, ಆಗಾಗ ಸರಿಹೊಂದಿಸಿಕೊಳ್ಳಬೇಕು, ಬುಗ್ಗೆಯನ್ನು ಒಣಗಲು ಬಿಡಬಾರದು.

ಗಿಡಗಳಿಗೆ ಈ ಅಂಕಿಯ ಅಗತ್ಯ ಬೇರೊಂದು ದಾರಿಯಿಂದ ಬಂದಿತು. ಹಳದಿಗೆ ತಿರುಗಿದ ಎಲೆಗಳು ಕಬ್ಬಿಣದ ಲವಣ ಲೇಪಿಸಿದಾಗ ಹಸಿರಾಗುವುದನ್ನು ಫ್ರಾನ್ಸಿನ ಯುಸೆಬ್ ಗ್ರಿ 1840ರ ದಶಕದಲ್ಲಿ ತೋರಿಸಿದ್ದನು. ಜರ್ಮನಿಯ ಸಾಕ್ಸ್ ಮತ್ತು ಕ್ನಾಪ್ 1860ರ ಹೊತ್ತಿಗೆ ಲವಣ ಬೆರೆಸಿದ ನೀರಿನಲ್ಲಿಯೇ ಗಿಡ ಬೆಳೆಸಿದರು; ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ ಆ ಪ್ರಯೋಗವನ್ನು ಬೆಳೆಯ ಪದ್ಧತಿಯಾಗಿಸಿ, 1937ರಲ್ಲಿ ಅದನ್ನು ಹೈಡ್ರೊಪೋನಿಕ್ಸ್ ಎಂದು ಕರೆದನು. ಅದೇ ವಿಶ್ವವಿದ್ಯಾಲಯದ ಹೋಗ್ಲ್ಯಾಂಡ್ ಮತ್ತು ಆರ್ನನ್ 1938ರಲ್ಲಿ ಹೊರತಂದ ಕಿರುಹೊತ್ತಗೆಯು ಸಾಮಾನ್ಯರಿಗೂ ಪೋಷಕ ದ್ರಾವಣದ ಪಾಕವನ್ನು ತಲಪಿಸಿತು. ಇಂತಹ ದ್ರಾವಣದ ಪಿಎಚ್ 5.5ರಿಂದ 6.5ರ ನಡುವೆ ಇರಬೇಕೆಂಬ ರೂಢಿಗೆ ಕಾರಣವಿದೆ: ಅದಕ್ಕಿಂತ ಮೇಲೇರಿದರೆ ಕಬ್ಬಿಣ, ಮ್ಯಾಂಗನೀಸ್ ಮತ್ತು ರಂಜಕಗಳು ಕರಗದ ರೂಪ ತಾಳಿ, ನೀರಿನಲ್ಲಿ ಇದ್ದೂ ಬೇರಿಗೆ ದಕ್ಕದೆ ಹೋಗುತ್ತವೆ, ಎಳೆಯ ಎಲೆಗಳಲ್ಲಿ ನರಗಳಷ್ಟೇ ಹಸಿರಾಗಿ ಉಳಿದು ನಡುಭಾಗ ಹಳದಿಯಾಗುತ್ತದೆ.

ಮನೆಯ ತೋಟಗಾರನು ಎಡವುವುದು ಇದಾದ ಮೇಲಿನ ಹೆಜ್ಜೆಯಲ್ಲಿ, ಎಂದರೆ ಆಮ್ಲ ಹಾಕಿ ಪಿಎಚ್ ಇಳಿಸುವಾಗ. ಬಯಲುಸೀಮೆಯ ಅನೇಕ ಕೊಳವೆಬಾವಿಗಳ ಗಡಸು ನೀರಿನಲ್ಲಿ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ಬೈಕಾರ್ಬೊನೇಟುಗಳು ಹೇರಳವಾಗಿರುತ್ತವೆ. ಹಾಕಿದ ಆಮ್ಲದ ಅಯಾನುಗಳನ್ನು ಇವು ಹಿಡಿದುಕೊಂಡು ಇಂಗಾಲದ ಡೈಆಕ್ಸೈಡಾಗಿ ಮಾರ್ಪಡುವುದರಿಂದ, ಇವು ಮುಗಿಯುವವರೆಗೂ ಪಿಎಚ್ ನಿಧಾನವಾಗಿಯೇ ಇಳಿಯುತ್ತದೆ. ಆಮ್ಲವನ್ನು ತಡೆಯುವ ನೀರಿನ ಈ ಒಟ್ಟು ಸಾಮರ್ಥ್ಯಕ್ಕೆ ಕ್ಷಾರೀಯತೆ ಎಂದು ಹೆಸರು, ಅದನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಲೀಟರಿಗೆ 50 ಮಿಲಿಗ್ರಾಂ ಕ್ಷಾರೀಯತೆಯ ನೀರೂ 300 ಮಿಲಿಗ್ರಾಂ ಕ್ಷಾರೀಯತೆಯ ನೀರೂ ಮಾಪಕದಲ್ಲಿ ಒಂದೇ 8 ತೋರಿಸಬಹುದು. ಎರಡನ್ನೂ 6ಕ್ಕೆ ಇಳಿಸಲು ಎರಡನೆಯದಕ್ಕೆ ಸುಮಾರು ಆರುಪಟ್ಟು ಆಮ್ಲ ಬೇಕು. ಮೊದಲನೆಯ ನೀರು ಕುಂಡದ ಮಣ್ಣಿಗೆ ಹೆಚ್ಚಿನ ಬಾಧೆ ತಾರದು, ಎರಡನೆಯದು ತಿಂಗಳುಗಟ್ಟಲೆ ಬಿದ್ದರೆ ಮಣ್ಣನ್ನೇ ಕ್ಷಾರದ ಕಡೆಗೆ ಎಳೆಯುತ್ತದೆ. ಸೋರೆನ್‌ಸೆನ್ ಕಿಣ್ವಗಳಿಗಾಗಿ ಬದಿಗಿರಿಸಿದ ಆ ಒಟ್ಟು ಮೊತ್ತದ ಅಳತೆ ಗಿಡ ಬೆಳೆಸುವವರಿಗೆ ಬೇಕೇಬೇಕು. ಆಮ್ಲವನ್ನು ಹನಿಹನಿಯಾಗಿ ಬೆರೆಸಿ ನೋಡುವ ಕ್ಷಾರೀಯತೆಯ ಪರೀಕ್ಷೆಗೆ ಪಿಎಚ್ ಪಟ್ಟಿಗೆ ಸಲ್ಲುವಷ್ಟೇ ಪ್ರಾಧಾನ್ಯ ಸಲ್ಲಬೇಕು.

ಪಿಎಚ್ ತಿದ್ದುವ ದ್ರವ್ಯಗಳ ಆಯ್ಕೆಯಲ್ಲಿಯೂ ಎಚ್ಚರ ಬೇಕು. ದುರ್ಬಲಗೊಳಿಸಿದ ಫಾಸ್ಫಾರಿಕ್ ಆಮ್ಲದ ಪರಿಣಾಮ ಬಾಳುತ್ತದೆ; ನಿಂಬೆಹುಳಿಯ ಸಿಟ್ರಿಕ್ ಆಮ್ಲವನ್ನು ಸೂಕ್ಷ್ಮಜೀವಿಗಳು ಕೆಲವೇ ದಿನಗಳಲ್ಲಿ ವಿಘಟಿಸಿಬಿಡುವುದರಿಂದ ಅಂಕಿ ಮತ್ತೆ ಏರುತ್ತದೆ. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ. ಪಿಎಚ್ ಏರಿಸಲು ಅಡುಗೆ ಸೋಡಾ ಬಳಸಿದರೆ ಗಿಡಕ್ಕೆ ಬೇಡದ ಸೋಡಿಯಂ ಸೇರುತ್ತದೆ, ಪೊಟ್ಯಾಸಿಯಂ ಬೈಕಾರ್ಬೊನೇಟು ಮೇಲು. ಗಡಸು ನೀರಿಗೆ ಸಂಗ್ರಹಿಸಿದ ಮಳೆನೀರನ್ನು ಬೆರೆಸುವುದು ಕ್ಷಾರೀಯತೆಯನ್ನು ತಗ್ಗಿಸುವ ಅತ್ಯಂತ ನಿರಪಾಯದ ಮಾರ್ಗ.

ಪೋಷಕ ದ್ರಾವಣದಲ್ಲಿ ಬೆಳೆಯುವ ಗಿಡ ಸ್ವತಃ ಈ ಅಂಕಿಯನ್ನು ಕದಲಿಸುತ್ತಿರುತ್ತದೆ. ಸಾರಜನಕವನ್ನು ನೈಟ್ರೇಟ್ ರೂಪದಲ್ಲಿ ಹೀರಿದಾಗ ಬೇರಿನ ಸುತ್ತಲಿನ ಪಿಎಚ್ ಏರುತ್ತದೆ, ಅಮೋನಿಯಂ ರೂಪದಲ್ಲಿ ಹೀರಿದಾಗ ಇಳಿಯುತ್ತದೆ. ಹೀಗಾಗಿ 5.8ಕ್ಕೆ ಹೊಂದಿಸಿದ ದ್ರಾವಣ ಎರಡು ದಿನಗಳ ಬಳಿಕ 6.3 ತೋರಿಸಿದರೆ ಅದು ಬೇರು ಉಣ್ಣುತ್ತಿರುವುದರ ಲಕ್ಷಣವಾಗಿರಬಹುದು, 6.5 ದಾಟುವವರೆಗೆ ಅದನ್ನು ತಿದ್ದುವ ಅಗತ್ಯವಿಲ್ಲ.